ದಾವಣಗೆರೆಯಲ್ಲೇ ಇದ್ದುಕೊಂಡು ಚಿತ್ರ ಬರೆದು ಬದುಕುವುದು ಹೇಗೆ?

"ಚಿತ್ರ ಬರೆದು ಇಲ್ಲೇ ಬದುಕಬಹುದಾ, ಇಲ್ಲ ಬೆಂಗಳೂರಿಗೆ ಹೋಗಲೇಬೇಕಾ?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರಲ್ಲಿ ದೃಶ್ಯಕಲಾ ಕಾಲೇಜಿನಿಂದ ಈಗಷ್ಟೇ ಹೊರಬಂದವರಿದ್ದಾರೆ. ಬೋರ್ಡ್ ಬರೆಯುತ್ತಿದ್ದು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದವರಿದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಿ ಮಧ್ಯಾಹ್ನ ಕ್ಯಾನ್ವಾಸ್ ಮುಂದೆ ಕೂರುವ ಗೃಹಿಣಿಯರೂ ಇದ್ದಾರೆ.

ಬದುಕಬಹುದು. ಆದರೆ ಗ್ಯಾಲರಿಯವರು ಬಂದು ಕರೆಯಲಿ ಎಂದು ಕಾಯುತ್ತಾ ಕೂತರೆ ಆಗುವುದಿಲ್ಲ. ದಾವಣಗೆರೆ, ಚಿತ್ರದುರ್ಗದಂಥ ಊರಿನಲ್ಲಿ ಚಿತ್ರಕ್ಕೆ ದುಡ್ಡು ಕೊಡುವವರು ಗ್ಯಾಲರಿಗೆ ಹೋಗುವವರಲ್ಲ. ಅವರು ಹೊಸ ನರ್ಸಿಂಗ್ ಹೋಂ ಕಟ್ಟಿಸುತ್ತಿರುವ ಡಾಕ್ಟರು, ಗೃಹಪ್ರವೇಶಕ್ಕೆ ಹಾಲ್ ಅಲಂಕರಿಸುವವರು, ನಿವೃತ್ತಿಯಾಗುವ ಹೆಡ್‌ಮಾಸ್ಟರಿಗೆ ಏನು ಕೊಡೋಣ ಎಂದು ಚಂದಾ ಎತ್ತಿರುವ ಶಿಕ್ಷಕರು. ಇವರ ಕೈಗೆ ನೀವು ಸಿಗಬೇಕು, ನಿಮ್ಮ ದರ ಸರಿಯಾಗಿರಬೇಕು, ದುಡ್ಡು ಸಮಯಕ್ಕೆ ಬರಬೇಕು. ಈ ಮೂರು ವಿಷಯ ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಡಿಗ್ರಿ ಬೇಕಾ ಅಂತಲೂ ಕೇಳುತ್ತಾರೆ. ಶಾಲೆ, ಕಾಲೇಜಿನಲ್ಲಿ ಕೆಲಸ ಬೇಕಿದ್ದರೆ ಬೇಕು. ನಮ್ಮೂರಲ್ಲೇ 1964ರಿಂದ ನಡೆಯುತ್ತಿರುವ ದೃಶ್ಯಕಲಾ ಮಹಾವಿದ್ಯಾಲಯವಿದೆ, ಈಗ ಅದು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ನಾಲ್ಕು ವರ್ಷದ ಬಿವಿಎ, ಅಂದರೆ ದೃಶ್ಯಕಲಾ ಪದವಿ ಓದಬಹುದು. ಗಿರಾಕಿ ಮಾತ್ರ ಡಿಗ್ರಿ ಕೇಳುವುದಿಲ್ಲ. "ಹಿಂದೆ ಮಾಡಿದ್ದು ತೋರಿಸಿ" ಎನ್ನುತ್ತಾನೆ, ಅಷ್ಟೇ.

1. ಮೊದಲು ತಿಂಗಳ ಖರ್ಚಿಗೆ ದಾರಿ ಮಾಡಿಕೊಳ್ಳಿ

ಸ್ವಂತ ಚಿತ್ರ ಮಾರಿಯೇ ಮನೆ ನಡೆಸುತ್ತೇನೆ ಎಂದು ಮೊದಲ ವರ್ಷವೇ ಹೊರಡಬೇಡಿ. ಕೆಲಸವನ್ನು ಎರಡು ಭಾಗ ಮಾಡಿ. ಒಂದು, ಅಕ್ಕಿ ಬೇಳೆಗೆ ಆಗುವ ಕೆಲಸ. ಇನ್ನೊಂದು, ನಿಮ್ಮ ಹೆಸರಿಗೆ ಆಗುವ ಕೆಲಸ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಅಕ್ಕಿ ಬೇಳೆ ಕೆಲಸದಲ್ಲಿ ಇಲ್ಲಿ ನಿಜವಾಗಿ ನಡೆಯುವುದು ಇವು:

ಮಕ್ಕಳ ಕ್ಲಾಸು. ಶಾಲಾ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ತಯಾರು ಮಾಡುವ ಕ್ಲಾಸಿಗೆ ಬೇಡಿಕೆ ಇದ್ದೇ ಇದೆ. ಸುಮ್ನೆ "ಡ್ರಾಯಿಂಗ್ ಕ್ಲಾಸ್" ಅಂದರೆ ಬೇಸಿಗೆ ರಜೆ ಮುಗಿದ ಮೇಲೆ ಮಕ್ಕಳು ಬರುವುದು ನಿಲ್ಲಿಸುತ್ತಾರೆ. ಪರೀಕ್ಷೆ ಇದೆ ಅಂದರೆ ತಂದೆ ತಾಯಿ ವರ್ಷಪೂರ್ತಿ ಕಳಿಸುತ್ತಾರೆ. ತಿಂಗಳಿಗೆ 800 ರೂಪಾಯಿಯಂತೆ 20 ಮಕ್ಕಳು ಬಂದರೆ 16,000 ರೂಪಾಯಿ. ಶನಿವಾರ, ಭಾನುವಾರ ಎರಡು ಬ್ಯಾಚ್ ಸಾಕು. ಉಳಿದ ಐದು ದಿನ ನಿಮ್ಮದು.

ಭಾವಚಿತ್ರ. ನಿವೃತ್ತಿ, ಷಷ್ಟಿಪೂರ್ತಿ, ಮದುವೆ ವಾರ್ಷಿಕೋತ್ಸವ, ಮಠದ ಸ್ವಾಮೀಜಿಯವರ ಚಿತ್ರ. ತೀರಿಕೊಂಡ ಅಪ್ಪ ಅಮ್ಮನ ಚಿತ್ರ ಬರೆಸುವವರೂ ಜಾಸ್ತಿ. ಮಹಾಲಯ ಅಮಾವಾಸ್ಯೆಗೆ ಬೇಕು ಎಂದು ವಾರದ ಮುಂಚೆ ಬರುತ್ತಾರೆ. ಎರಡು ತಿಂಗಳು ಮೊದಲೇ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನೆನಪಿಸಿ.

ಗೋಡೆ ಚಿತ್ರ. ಶಾಲೆ, ಅಂಗನವಾಡಿ, ಹೋಟೆಲ್, ಮಕ್ಕಳ ಆಸ್ಪತ್ರೆ. ಶಾಲೆ ಕೆಲಸಕ್ಕೆ ಏಪ್ರಿಲ್, ಮೇ ಸರಿಯಾದ ಕಾಲ. ಹಣ ಬಹಳ ಸಲ ಹಳೆ ವಿದ್ಯಾರ್ಥಿಗಳಿಂದ ಅಥವಾ ಊರಿನ ದಾನಿಗಳಿಂದ ಬರುತ್ತದೆ. ಹಾಗಾಗಿ ಹೆಡ್‌ಮಾಸ್ಟರ್ ಜೊತೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನೂ ಕಂಡು ಮಾತಾಡಿ.

ಚಿತ್ರದುರ್ಗದವರಿಗೆ ಇನ್ನೊಂದು ದಾರಿ ಇದೆ, ಪ್ರವಾಸಿಗರು. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿಯ ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಮಾಡಿಸಿ ಮಾರಬಹುದು. ಪ್ರವಾಸಿ ದೊಡ್ಡ ಕ್ಯಾನ್ವಾಸ್ ಹೊತ್ತುಕೊಂಡು ಹೋಗುವುದಿಲ್ಲ, ಬ್ಯಾಗಿನಲ್ಲಿ ಹಿಡಿಯುವುದನ್ನು ಕೊಳ್ಳುತ್ತಾನೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಒಳಗೆ ಅನುಮತಿ ಇಲ್ಲದೆ ಮಾರುವಂತಿಲ್ಲ. ಹೊರಗಿನ ಅಂಗಡಿಯವರ ಜೊತೆ ಮಾತಾಡಿ.

ಮದುವೆ ಕೆಲಸ ನಂಬಿದವರಿಗೆ ಒಂದು ಎಚ್ಚರಿಕೆ: ಆಷಾಢದಲ್ಲಿ ಫೋನ್ ರಿಂಗಾಗುವುದಿಲ್ಲ. ಕೈಯಲ್ಲಿ ಎರಡು ತಿಂಗಳ ಖರ್ಚು ಇಟ್ಟುಕೊಂಡೇ ಜೂನ್ ದಾಟಿ.

2. ದರ ಕೂತು ಲೆಕ್ಕ ಹಾಕಿ

ಜಾಸ್ತಿ ಜನ ಎಡವುವುದು ಇಲ್ಲೇ. ಪಕ್ಕದವನು ಎಷ್ಟು ತಗೊಳ್ಳುತ್ತಾನೋ ಅದಕ್ಕಿಂತ ಐನೂರು ಕಡಿಮೆ ಹೇಳುವುದನ್ನೇ ದರ ಅಂದುಕೊಂಡಿರುತ್ತಾರೆ. ಅವನೂ ನಷ್ಟದಲ್ಲಿದ್ದರೆ?

ಲೆಕ್ಕ ಹೀಗೆ ಮಾಡಿ. ಮನೆ ಖರ್ಚಿಗೆ ತಿಂಗಳಿಗೆ 25,000 ಬೇಕು ಅಂದುಕೊಳ್ಳಿ. ರೂಮಿನ ಬಾಡಿಗೆ, ಕರೆಂಟು, ಪೆಟ್ರೋಲು, ಫೋನು ಸೇರಿ 6,000. ಒಟ್ಟು 31,000. ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ ಅಂದರೆ 200 ಗಂಟೆ. ಆದರೆ ಅಷ್ಟೂ ಹೊತ್ತು ಚಿತ್ರ ಬರೆಯುತ್ತೀರಾ? ಇಲ್ಲ. ಗಿರಾಕಿ ಜೊತೆ ಮಾತು, ಸಾಮಾನು ತರುವುದು, ಫ್ರೇಮ್ ಅಂಗಡಿಗೆ ಓಡಾಟ, ಬಿಲ್ ಬರೆಯುವುದು. ಅರ್ಧ ಸಮಯ ಇದಕ್ಕೇ ಹೋಗುತ್ತದೆ. ಉಳಿದ 100 ಗಂಟೆಯಲ್ಲಿ 31,000 ದುಡಿಯಬೇಕು. ಗಂಟೆಗೆ 310 ರೂಪಾಯಿ ಆಯಿತು.

ಈಗ 18 ಇಂಚು 24 ಇಂಚಿನ ಭಾವಚಿತ್ರಕ್ಕೆ 14 ಗಂಟೆ ಹಿಡಿಯುತ್ತದೆ ಎನ್ನಿ. ಕೂಲಿ 4,340. ಕ್ಯಾನ್ವಾಸ್, ಬಣ್ಣ 900. ಒಟ್ಟು 5,240. ಫ್ರೇಮ್ ಬೇರೆ, ಸಾಗಣೆ ಬೇರೆ. ಇದನ್ನು 432 ಚದರ ಇಂಚಿಗೆ ಭಾಗಿಸಿದರೆ ಚದರ ಇಂಚಿಗೆ ಸುಮಾರು 12 ರೂಪಾಯಿ ಬರುತ್ತದೆ. ಇನ್ನು ಮುಂದೆ ಯಾರು ಕೇಳಿದರೂ ಉದ್ದ, ಅಗಲ ಗುಣಿಸಿ 12ರಿಂದ ಗುಣಿಸಿ ಹೇಳಿ. ತೀರಾ ಸಣ್ಣ ಅಳತೆಗೆ ಈ ಲೆಕ್ಕ ಹೊಂದುವುದಿಲ್ಲ. ಮುಖ ಸಣ್ಣದಾದರೂ ಮುಖವೇ, ಸಮಯ ಅಷ್ಟೇ ಬೇಕು. ಅದಕ್ಕೊಂದು ಕನಿಷ್ಠ ದರ ಇಟ್ಟುಕೊಳ್ಳಿ.

ಇವು ನನ್ನ ಉದಾಹರಣೆಯ ಅಂಕಿಗಳು. ನಿಮ್ಮ ಖರ್ಚು, ನಿಮ್ಮ ವೇಗ ಹಾಕಿ ಮಾಡಿ.

ಗಿರಾಕಿ "ಸ್ವಲ್ಪ ಕಡಿಮೆ ಮಾಡಿ" ಅಂದೇ ಅನ್ನುತ್ತಾರೆ. ಆಗ ದರ ಇಳಿಸಬೇಡಿ, ಅಳತೆ ಇಳಿಸಿ. "ನಿಮ್ಮ ಬಜೆಟ್ಟಿಗೆ 12 ಇಂಚು 16 ಇಂಚಿನದ್ದು ಆಗುತ್ತೆ" ಎನ್ನಿ. ಒಮ್ಮೆ ಇಳಿಸಿದ ದರ ಮಂಡಿಪೇಟೆಯಿಂದ ಎಂಸಿಸಿ ಬಿ ಬ್ಲಾಕಿನವರೆಗೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಫೋಟೋ ಕೊಟ್ಟರೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಕೊಡುವ ಅಂಗಡಿಗಳಿವೆ. ಅವರ ದರಕ್ಕೆ ಪೈಪೋಟಿ ಬೇಡವೇ ಬೇಡ. ಅದನ್ನೇ ಕೇಳುವ ಗಿರಾಕಿಗೆ ಪ್ರಿಂಟೇ ಸರಿ ಎಂದು ನಗುತ್ತಾ ಕಳಿಸಿ.

ನೆಂಟರ ವಿಷಯ. "ನಮ್ಮ ಹುಡುಗಾನೇ ಬರೀತಾನೆ" ಎಂದು ಸೋದರಮಾವ ಊರಿಗೆಲ್ಲ ಮಾತು ಕೊಟ್ಟು ಬರುತ್ತಾರೆ. ಉಡುಗೊರೆ ಕೊಡುವುದಿದ್ದರೆ ಪೂರ್ತಿ ಉಡುಗೊರೆಯಾಗಿ ಕೊಡಿ. ಅರ್ಧ ದರಕ್ಕೆ ಮಾತ್ರ ಒಪ್ಪಬೇಡಿ. ಅರ್ಧ ದರ ಕೊಟ್ಟವರೇ ಅತಿ ಹೆಚ್ಚು ತಿದ್ದುಪಡಿ ಕೇಳುವುದು.

3. ಮುಂಗಡ ಬರುವವರೆಗೆ ಬ್ರಷ್ ಮುಟ್ಟಬೇಡಿ

ಒಪ್ಪಂದ ಅಂದರೆ ಛಾಪಾ ಕಾಗದವೇ ಆಗಬೇಕಿಲ್ಲ. ಸಣ್ಣ ಕೆಲಸಕ್ಕೆ ವಾಟ್ಸಾಪಿನಲ್ಲಿ ಒಂದು ಸಂದೇಶ ಸಾಕು. ಅದರಲ್ಲಿ ಅಳತೆ, ಮಾಧ್ಯಮ, ಒಟ್ಟು ಹಣ, ಮುಂಗಡ, ಕೊಡುವ ದಿನ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದು ಇರಲಿ. "ಒಪ್ಪಿಗೆ" ಎಂದು ಅವರಿಂದ ಉತ್ತರ ತರಿಸಿಕೊಳ್ಳಿ. ಮಾಧ್ಯಮ ಅಂದರೆ ಯಾವುದರಲ್ಲಿ ಬರೆಯುತ್ತೀರಿ ಎಂಬುದು: ಎಣ್ಣೆಬಣ್ಣ, ಅಕ್ರಿಲಿಕ್, ಜಲವರ್ಣ, ಪೆನ್ಸಿಲ್. ಗಿರಾಕಿಗೆ ಇವುಗಳ ವ್ಯತ್ಯಾಸ ಗೊತ್ತಿರುವುದಿಲ್ಲ, ನೀವೇ ಹೇಳಿ.

ಅರ್ಧ ಹಣ ಮೊದಲು. ಪೆನ್ಸಿಲ್ ರೇಖೆ ಮುಗಿದಾಗ ಫೋಟೋ ಕಳಿಸಿ ಒಪ್ಪಿಗೆ ಪಡೆಯಿರಿ. ಮೂಗು, ಕಣ್ಣು, ಭಂಗಿಯ ತಿದ್ದುಪಡಿ ಆಗಲೇ ಮುಗಿಯಬೇಕು. ಬಣ್ಣ ಬಿದ್ದ ಮೇಲೆ ಬದಲಾವಣೆಗೆ ಬೇರೆ ಹಣ ಎಂದು ಮೊದಲೇ ಬರೆದಿಡಿ. ಬಾಕಿ ಹಣ ಬಂದ ಮೇಲೆ ಚಿತ್ರ ಕೈಗೆ. "ಮನೆಗೆ ತಂದುಕೊಡಿ, ಅಲ್ಲೇ ಕೊಡ್ತೀವಿ" ಎಂದು ಹೇಳಿದವರಲ್ಲಿ ಒಳ್ಳೆಯವರೂ ಇರುತ್ತಾರೆ, ಆದರೂ ನಿಯಮ ನಿಯಮವೇ.

ಸರ್ಕಾರಿ ಕೆಲಸದಲ್ಲಿ ಮುಂಗಡ ಸಿಗುವುದು ಕಷ್ಟ, ಬಿಲ್ಲೂ ತಡ. ಮೊದಲು ಕೊಟೇಷನ್ ಕೊಡಿ, ಆಮೇಲೆ ಕಾರ್ಯಾದೇಶ ಪಡೆಯಿರಿ. ಕಾರ್ಯಾದೇಶ ಅಂದರೆ ಇಂಥ ಕೆಲಸ, ಇಷ್ಟು ಹಣಕ್ಕೆ ಮಾಡಿ ಎಂದು ಸಹಿ, ಮೊಹರು ಹಾಕಿ ಕೊಡುವ ಪತ್ರ. ಸಾಹೇಬರು ಫೋನಿನಲ್ಲಿ ಹೇಳಿದ್ದಾರೆ ಎಂದು ಕೆಲಸ ಶುರು ಮಾಡಬೇಡಿ. ಆ ಸಾಹೇಬರಿಗೆ ವರ್ಗವಾದರೆ ನಿಮ್ಮ ಮಾತು ಕೇಳುವವರಿರುವುದಿಲ್ಲ. ಸಾಮಾನಿನ ದುಡ್ಡು ಆರು ತಿಂಗಳು ಸಿಕ್ಕಿಕೊಂಡರೂ ತಡೆಯುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಿ.

4. ಗೋಡೆ ಕೆಲಸವಾದರೆ ಗೋಡೆಯನ್ನೇ ಮೊದಲು ನೋಡಿ

ಗೋಡೆ ಚಿತ್ರ ಕೆಡುವುದು ಬಹುತೇಕ ಗೋಡೆಯಿಂದಲೇ, ಹೆಸರು ಕೆಡುವುದು ಮಾತ್ರ ನಿಮ್ಮದು. ಹೊಸ ಪ್ಲಾಸ್ಟರ್ ಆಗಿದ್ದರೆ ಕನಿಷ್ಠ ನಾಲ್ಕು ವಾರ ಒಣಗಲಿ. ಹಳೆ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿದೆಯಾ, ಆಚೆ ಬದಿಗೆ ಬಚ್ಚಲು ಇದೆಯಾ, ಚಾವಣಿ ಸೋರುತ್ತಾ ನೋಡಿ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ ಆ ಗೋಡೆ ಈಗ ಬೇಡ.

ದರ ಚದರಡಿಗೆ ಹೇಳಿ. ಆದರೆ ಚದರಡಿ ದರದಲ್ಲಿ ಏನೇನು ಸೇರಿದೆ ಎಂದು ಬರೆದುಕೊಡಿ. ಪುಟ್ಟಿ, ಪ್ರೈಮರ್ ಯಾರದ್ದು? ಸಾರುವೆ ಯಾರು ಕಟ್ಟಿಸುತ್ತಾರೆ? ಬಣ್ಣ ಅವರು ಕೊಡಿಸುವುದಾದರೆ ಯಾವುದು ಎಂದು ನೀವೇ ಚೀಟಿ ಬರೆದುಕೊಡಿ. ಹೊರಗೋಡೆಗೆ ಹೊರಗೋಡೆಯ ಎಮಲ್ಷನ್ನೇ ಬೇಕು. ಒಳಗೋಡೆಯದ್ದು ಉಳಿದಿದೆ, ಅದನ್ನೇ ಹಾಕಿ ಎಂದರೆ ಒಪ್ಪಬೇಡಿ, ನಮ್ಮ ಬಿಸಿಲಿಗೆ ಅದು ಬೇಗ ಬಿಳಿಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರೊಳಗೆ ಒಂದು ಸುತ್ತು, ಸಂಜೆ ನಾಲ್ಕರ ಮೇಲೆ ಒಂದು ಸುತ್ತು. ನಡುವೆ ಗೋಡೆ ಕಾದಿರುತ್ತದೆ, ಬ್ರಷ್ ಎಳೆಯುವ ಮೊದಲೇ ಬಣ್ಣ ಒಣಗುತ್ತದೆ.

ಹಣ ಮೂರು ಕಂತಿನಲ್ಲಿ ಕೇಳಿ: ಶುರುವಿಗೆ, ರೇಖೆ ಮುಗಿದಾಗ, ಕೊನೆಗೆ. ಮೂಲೆಯಲ್ಲಿ ಹೆಸರು, ಫೋನ್ ನಂಬರ್ ಬರೆಯಲು ಒಪ್ಪಿಗೆ ಮೊದಲೇ ತಗೊಳ್ಳಿ. ಮುಂದಿನ ಎರಡು ಕೆಲಸ ಆ ನಂಬರಿನಿಂದಲೇ ಬರಬಹುದು.

5. ಹಕ್ಕು ಯಾರದ್ದು ಎಂದು ತಿಳಿದಿರಲಿ

ಕಾಪಿರೈಟ್ ಅಂದರೆ ಚಿತ್ರವನ್ನು ನಕಲು ಮಾಡುವ, ಮುದ್ರಿಸುವ ಹಕ್ಕು. ನೀವು ನಿಮ್ಮಷ್ಟಕ್ಕೆ ಬರೆದ ಚಿತ್ರ ಮಾರಿದರೆ ಕೊಂಡವರಿಗೆ ಹೋಗುವುದು ಆ ಕ್ಯಾನ್ವಾಸ್ ಮಾತ್ರ. ಮುದ್ರಿಸುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ. ಹಕ್ಕು ಬರೆದುಕೊಡುವುದಿದ್ದರೆ ಅದು ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ.

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಲ್ಲಿ ಹೀಗಿದೆ. ಹೋಟೆಲಿನವರಿಗೆ ಬರೆದುಕೊಟ್ಟ ಚಿತ್ರವನ್ನು ಅವರು ಮೆನು ಕಾರ್ಡಿಗೆ, ಕ್ಯಾಲೆಂಡರಿಗೆ ಹಾಕಿಕೊಂಡರೆ ನೀವು ಸುಮ್ಮನಿರಬೇಕಾಗುತ್ತದೆ. ಬೇಡ ಅಂದರೆ, ಮೂರನೇ ಹಂತದ ಸಂದೇಶದಲ್ಲಿ "ಮುದ್ರಣದ ಹಕ್ಕು ಕಲಾವಿದರದ್ದು" ಎಂಬ ಸಾಲು ಸೇರಿಸಿ. ದೊಡ್ಡ ಕೆಲಸವಾದರೆ ಕಾಗದದ ಮೇಲೆ ಸಹಿ ಇರಲಿ.

ಇದು ನಿಮಗೂ ಅನ್ವಯಿಸುತ್ತದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೋ ನೋಡಿ ಹಾಗೇ ಬರೆದು ಮಾರಿದರೆ ಆ ಫೋಟೋ ತೆಗೆದವರು ಕೇಳಬಹುದು. ಕೋಟೆ, ಕೆರೆ, ಜಾತ್ರೆ ಎಲ್ಲ ಇಲ್ಲೇ ಇದೆ, ನಿಮ್ಮದೇ ಫೋಟೋ ತೆಗೆದುಕೊಳ್ಳಿ.

6. ನೋಂದಣಿ, ಬ್ಯಾಂಕು, ತೆರಿಗೆ

ಇದು ಹೆದರಿಸುವಷ್ಟು ದೊಡ್ಡದಲ್ಲ. ಕಲೆಯ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಯ ಫೋನ್‌ಪೇ, ಕೆಲಸದ ಫೋನ್‌ಪೇ ಒಂದೇ ಆದರೆ ವರ್ಷದ ಕೊನೆಗೆ ಏನು ಉಳಿಯಿತು ಎಂಬುದು ನಿಮಗೇ ತಿಳಿಯುವುದಿಲ್ಲ.

ಉದ್ಯಮ್ ನೋಂದಣಿ ಮಾಡಿಸಿ. ಇದು ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರ ಕೊಡುವ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಆಗುತ್ತದೆ, ಪೂರ್ತಿ ಉಚಿತ. ಹಣ ಕೇಳುವ ನಕಲಿ ಜಾಲತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿ. ಈ ನೋಂದಣಿ ಇದ್ದವರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಎಂದು ಕಾನೂನಿದೆ. ಕೊಡದಿದ್ದರೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ತಾಣದಲ್ಲಿ ದೂರು ಹಾಕಬಹುದು. ದೂರು ಹಾಕುವವರೆಗೆ ಹೋಗದಿದ್ದರೂ, ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇದ್ದರೆ ಕೆಲವರು ಬೇಗ ಕೊಡುತ್ತಾರೆ.

ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಸಿಗುತ್ತದೆ. ಕುಶಲಕರ್ಮಿಗಳಿಗೆ ಸಾಲ ಕೊಡುವ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳು, ಕುಂಬಾರರು, ಗೊಂಬೆ ಮಾಡುವವರು ಇದ್ದಾರೆ. ಚಿತ್ರ ಬರೆಯುವವರು ಇಲ್ಲ. ಯಾರಾದರೂ ದುಡ್ಡು ತಗೊಂಡು ಮಾಡಿಸಿಕೊಡುತ್ತೇವೆ ಎಂದರೆ ನಂಬಬೇಡಿ.

ಜಿಎಸ್‌ಟಿ: ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದ ಮೇಲೆ ನೋಂದಣಿ. ಶುರುವಿನಲ್ಲಿ ನಿಮಗೆ ಇದು ಬೇಕಾಗುವುದಿಲ್ಲ. ಹೊರರಾಜ್ಯಕ್ಕೆ ಮಾರುವಾಗ ನಿಯಮ ಬೇರೆ, ಅದರಲ್ಲೂ ಕೈಕೆಲಸದ ವಸ್ತುಗಳಿಗೆ ವಿನಾಯಿತಿಗಳಿವೆ. ಅಂಥ ಮೊದಲ ಆರ್ಡರಿಗೆ ಮುಂಚೆ ಒಬ್ಬ ಆಡಿಟರನ್ನು ಕಾಣಿ.

ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ. ಕಂಪನಿಯವರು ನಿಮ್ಮ ಬಿಲ್ಲಿನಲ್ಲಿ ಹಿಡಿದ ಟಿಡಿಎಸ್, ಅಂದರೆ ಮೊದಲೇ ಕಡಿತ ಮಾಡಿದ ತೆರಿಗೆ, ವಾಪಸ್ ಬರುವುದು ಹಾಗೇ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳುವುದೂ ಅದನ್ನೇ.

7. ಹುಡುಕುವವರಿಗೆ ಸಿಗಿ, ಮೋಸಕ್ಕೆ ಸಿಗಬೇಡಿ

ಗೂಗಲ್ ಮ್ಯಾಪಿನಲ್ಲಿ ನಿಮ್ಮ ರೂಮಿನ ಹೆಸರು ಸೇರಿಸಿ. ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಹತ್ತು ಚಿತ್ರ, ಅಳತೆ, ದರ ಹಾಕಿಡಿ. ದರ ಹಾಕಿದರೆ ಗಿರಾಕಿ ಓಡಿಹೋಗುತ್ತಾನೆ ಎನ್ನುವವರಿದ್ದಾರೆ. ಓಡುವವನು ಹೇಗೂ ಓಡುತ್ತಾನೆ, ನಿಮ್ಮ ಸಮಯವಾದರೂ ಉಳಿಯಲಿ. ಇನ್‌ಸ್ಟಾಗ್ರಾಮಿನಲ್ಲಿ ಮುಗಿದ ಚಿತ್ರದ ಜೊತೆ ಬರೆಯುತ್ತಿರುವುದನ್ನೂ ಹಾಕಿ. ಇವೆಲ್ಲಕ್ಕಿಂತ ಜಾಸ್ತಿ ಕೆಲಸ ಬರುವುದು ಫ್ರೇಮ್ ಅಂಗಡಿಯವರು, ಇಂಟೀರಿಯರ್ ಮಾಡುವವರು, ಆರ್ಕಿಟೆಕ್ಟ್‌ಗಳಿಂದ. ಅವರ ಗುರುತು ಮಾಡಿಕೊಳ್ಳಿ.

ಮೋಸ ಮೂರು ರೂಪದಲ್ಲಿ ಬರುತ್ತದೆ. "ಸೈನ್ಯದಲ್ಲಿದ್ದೇನೆ, ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ, ಹಣ ಬರುತ್ತೆ" ಎಂಬ ಫೋನು. ಹಣ ಬರಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ನೂ ಬೇಕಿಲ್ಲ. ಎರಡನೆಯದು, ನಿಮ್ಮ ಚಿತ್ರವನ್ನು ಲಕ್ಷಾಂತರಕ್ಕೆ ಕೊಳ್ಳುತ್ತೇನೆ, ಮೊದಲು ಶುಲ್ಕ ಕಟ್ಟಿ ಎನ್ನುವ ವಿದೇಶಿ ಖಾತೆ. ಮೂರನೆಯದು ನಯವಾದದ್ದು: ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಪ್ರಶಸ್ತಿ, ಹಾರ, ಪ್ರಮಾಣಪತ್ರ ಕೊಡುವ "ಅಂತರರಾಷ್ಟ್ರೀಯ" ಪ್ರದರ್ಶನ. ತೀರ್ಪುಗಾರರು ಯಾರು, ಕಳೆದ ಸಲ ಯಾರು ಭಾಗವಹಿಸಿದ್ದರು ಎಂದು ಕೇಳಿ.

8. ನಿಮ್ಮ ಸ್ವಂತ ಕೆಲಸಕ್ಕೆ ಅರ್ಜಿ ಹಾಕುತ್ತಾ ಇರಿ

ವಾರದಲ್ಲಿ ಒಂದು ದಿನ ಆರ್ಡರ್ ಮುಟ್ಟಬೇಡಿ. ಆ ದಿನದ ಚಿತ್ರಗಳೇ ಪ್ರದರ್ಶನಕ್ಕೆ ಹೋಗುವುದು. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಕಳಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಅಲ್ಲಿಗೆ ದೊಡ್ಡ ಚಿತ್ರ ನಾಲ್ಕು, ಸಣ್ಣವು ಜಾಸ್ತಿ ಒಯ್ಯಿರಿ. ರಸ್ತೆಯಲ್ಲಿ ನಡೆಯುತ್ತಾ ಬರುವ ಜನ ಕೈಯಲ್ಲಿ ಹಿಡಿದು ಹೋಗುವುದನ್ನು ಬೇಗ ಕೊಳ್ಳುತ್ತಾರೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. 25 ದಾಟಿ 40ರೊಳಗಿನವರಿಗೆ ಜೂನಿಯರ್ ಫೆಲೋಶಿಪ್ ಇದೆ, ತಿಂಗಳಿಗೆ 10,000. ದೃಶ್ಯಕಲೆ ಎರಡರಲ್ಲೂ ಇದೆ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೂ ಆಗಾಗ ಹೋಗಿ ಮುಖ ತೋರಿಸಿ. ಉತ್ಸವಗಳಲ್ಲಿ ಚಿತ್ರಕಲಾ ಶಿಬಿರ ಮಾಡುವಾಗ ಅವರ ಪಟ್ಟಿಯಲ್ಲಿ ಹೆಸರಿದ್ದವರಿಗೇ ಫೋನ್ ಬರುವುದು.

ಗ್ಯಾಲರಿಯವರು ಮಾರಾಟದ ಬೆಲೆಯಲ್ಲಿ 30ರಿಂದ 50 ಶೇಕಡಾ ಕಮಿಷನ್ ಹಿಡಿಯುವುದು ಸಾಮಾನ್ಯ. ಹಾಗಂತ ಅಲ್ಲಿ ಒಂದು ಬೆಲೆ, ನಿಮ್ಮ ರೂಮಿನಲ್ಲಿ ಅರ್ಧ ಬೆಲೆ ಇಡಬೇಡಿ, ಗ್ಯಾಲರಿಯವರು ಮತ್ತೆ ಕರೆಯುವುದಿಲ್ಲ. ಚಿತ್ರ ಬಿಟ್ಟು ಬರುವಾಗ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳಿ. ಮಾರಾಟವಾದ ಎಷ್ಟು ದಿನಕ್ಕೆ ಹಣ, ಹಾನಿಯಾದರೆ ಯಾರು ಹೊಣೆ, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದ್ದು ಎಂಬುದು ಅದರಲ್ಲಿರಲಿ.

ಅರ್ಜಿಗೆ ಬೇಕಾದ್ದನ್ನು ಇವತ್ತೇ ಶುರು ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಚಿತ್ರಕ್ಕೂ ಸಂಖ್ಯೆ, ಹೆಸರು, ಅಳತೆ, ಮಾಧ್ಯಮ, ವರ್ಷ, ಯಾರಿಗೆ ಎಷ್ಟಕ್ಕೆ ಹೋಯಿತು ಎಂದು ಬರೆಯಿರಿ. ಮನೆ ಬಿಟ್ಟು ಹೋಗುವ ಮೊದಲು ಪ್ರತಿ ಚಿತ್ರದ ಫೋಟೋ ಆಗಲೇಬೇಕು. ನೆರಳಿನಲ್ಲಿ, ಗಾಜು ಹಾಕಿಸುವ ಮುಂಚೆ, ಫೋನನ್ನು ಚಿತ್ರಕ್ಕೆ ನೇರವಾಗಿ ಹಿಡಿದು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮೂಲ ಫೈಲನ್ನು ಮೇಲ್‌ಗೆ ಹಾಕಿಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿಕೊಂಡ ಫೋಟೋ ಕುಗ್ಗಿರುತ್ತದೆ, ಮುದ್ರಣಕ್ಕೆ ಬರುವುದಿಲ್ಲ.